ಸೊಟ್ಟಬಾಯಿ ಮನೆತನದ ಮೊರಾಗ್

ಗೋಥೆನ್‌ಬರ್ಗಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಸಿದ್ದಲಿಂಗ ಮೆಣಸಿನಕಾಯಿ ಅವರಿಗೆ ಯಾರನ್ನಾದರೂ ಹಿಡಿದು ಸನ್ಮಾನ ಮಾಡದಿದ್ದರೆ ಯುಗಾದಿ ಯುಗಾದಿ ಎನಿಸುವುದಿಲ್ಲ. ಸನ್ಮಾನವೆಂದರೆ ಶಾಲು, ಊರಿಂದ ಸೂಟ್‌ಕೇಸಿನಲ್ಲಿ ತಂದ ಗಂಧದ ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ಇವೆಲ್ಲಕ್ಕಿಂತ ಮೊದಲು ಅವರ ಭಾಷಣ. ಆ ಭಾಷಣ ಪ್ರತಿ ಸಲವೂ ಒಂದೇ ಮಾತಿನಿಂದ ಶುರುವಾಗುತ್ತದೆ: 'ಹೆಸರಿಗೆ ತಕ್ಕಂತೆ'. ಶಾರದಾ ಅವರನ್ನು ಸನ್ಮಾನಿಸಿದಾಗ 'ಹೆಸರಿಗೆ ತಕ್ಕಂತೆ ಸಾಕ್ಷಾತ್ ವಿದ್ಯಾಧಿದೇವತೆ' ಎಂದರು. ಶಾರದಾ ನಗು ತಡೆಯಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಅಭಿಜಿತ್‌ಗೆ 'ಹೆಸರಿಗೆ ತಕ್ಕಂತೆ ಸದಾ ಜಯಶಾಲಿ' ಎಂದರು. ಪಾಪ, ಅವನು ಆ ವರ್ಷವೆಲ್ಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗುತ್ತಲೇ ಇದ್ದ.

ಈ ಚಟವನ್ನು ನೋಡಿ ನಾನು ಎಷ್ಟೋ ವರ್ಷ ನಕ್ಕಿದ್ದೇನೆ. ಹೋದ ಯುಗಾದಿಯಲ್ಲಿ ಮಾತ್ರ ನಗು ಬರಲಿಲ್ಲ. ಆ ಸಲ ಸನ್ಮಾನಕ್ಕೆ ಆರಿಸಿದ್ದು ಮೊರಾಗ್ ಕ್ಯಾಂಬೆಲ್ ಅವರನ್ನು, ಮತ್ತು ಇಡೀ ಬಳಗದಲ್ಲಿ ಆ ಹೆಸರಿನ ಅರ್ಥ ಗೊತ್ತಿದ್ದವಳು ನಾನೊಬ್ಬಳೇ.

ಮೊರಾಗ್ ನಮ್ಮ ಬಡಾವಣೆಯ ಡಾಗಿಸ್‌ನಲ್ಲಿ, ಎಂದರೆ ಶಾಲೆಗೆ ಸೇರುವ ಮುಂಚಿನ ಮಕ್ಕಳನ್ನು ಬಿಡುವ ಜಾಗದಲ್ಲಿ, ಟೀಚರ್ ಆಗಿದ್ದರು. ಟೋರ್ಸ್‌ಲಾಂಡದ ಕಾರು ಕಾರ್ಖಾನೆಗೆ ಕೆಲಸಕ್ಕೆಂದು ಬಂದ ಕನ್ನಡದವರ ಮಕ್ಕಳಲ್ಲಿ ಅರ್ಧಕ್ಕರ್ಧ ಅವರ ಕೈಯಲ್ಲೇ ಮೂಗು ಒರೆಸಿಕೊಂಡು ದೊಡ್ಡವರಾದರು. ಆಕೆ ಹುಟ್ಟಿದ್ದು ಸ್ವೀಡನ್ನಿನಲ್ಲಲ್ಲ. ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಲ್ಲಿ ಟೈರೀ ಎಂಬ ಪುಟ್ಟ ದ್ವೀಪವಿದೆಯಂತೆ; ಗಾಳಿ ಎಷ್ಟೆಂದರೆ ಮರಗಳೇ ಅಪರೂಪ. ಅಲ್ಲಿಂದ ಹರೆಯದಲ್ಲಿ ಹೊರಟು, ಇಂಗ್ಲೆಂಡಿಗೂ ಗೋಥೆನ್‌ಬರ್ಗಿಗೂ ಓಡಾಡುತ್ತಿದ್ದ ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹಡಗು ಇಲ್ಲಿ ನಿಂತ ಒಂದು ದಿನ ಊರು ನೋಡಲು ಟ್ರಾಮ್ ಹತ್ತಿದರು. ಆ ಟ್ರಾಮಿನ ಡ್ರೈವರ್ ಲೆನಾರ್ಟ್ ಮುಂದೆ ಅವರ ಗಂಡನಾದ. ಲೆನಾರ್ಟ್ ಮಾತಿನಲ್ಲಿ ಬಲು ಜುಗ್ಗ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದರು.

ಏನು ಮುಖ ಅದು! ಅಗಲವಾದ ಬಾಯಿ, ಕುಣಿಯುವ ಹುಬ್ಬು. ಕಥೆ ಹೇಳುವಾಗ ತೋಳವೂ ಅದೇ ಮುಖದಲ್ಲಿ, ತೋಳ ನುಂಗಿದ ಅಜ್ಜಿಯೂ ಅದೇ ಮುಖದಲ್ಲಿ. ಅಳುತ್ತ ಬಂದ ಮಗು ಆ ಬಾಯಿಯನ್ನು ನೋಡುತ್ತ ನೋಡುತ್ತ ಅಳುವುದನ್ನು ಮರೆಯುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಜಗಳ ಆಡುತ್ತಿದ್ದಾಗ. ಮಗಳು ದೀಪ್ತಿಯನ್ನು ಡಾಗಿಸ್‌ಗೆ ಸೇರಿಸುವ ಹೊತ್ತಿನಲ್ಲಿ ಅಲ್ಲಿನ ಒಬ್ಬ ಹುಡುಗಿ ನಮ್ಮ ಕಾಗದಗಳನ್ನು ತಿರುವಿ ಹಾಕಿ, 'ಒಂದೇ ಮನೇಲಿ ಮೂರು ಸರ್‌ನೇಮ್ ಇದೆಯಲ್ಲ, ನೀವು ಮೂವರೂ ಒಂದೇ ಕುಟುಂಬದವರಾ?' ಎಂದು ಕೇಳಿದ್ದಳು. ನನ್ನ ಗಂಡ ಶ್ರೀನಾಥ ನರಸಿಂಹಯ್ಯ, ನಾನು ಪದ್ಮಿನಿ ಕೃಷ್ಣಪ್ಪ, ಮಗಳು ದೀಪ್ತಿ ಶ್ರೀನಾಥ. ಊರಿನಲ್ಲಿ ಅಪ್ಪನ ಹೆಸರಿನ ಒಂದಕ್ಷರ ಮುಂದೆ ಹಾಕಿಕೊಂಡು ಆರಾಮಾಗಿದ್ದವರು ನಾವು. ಪಾಸ್‌ಪೋರ್ಟು ಆ ಒಂದಕ್ಷರವನ್ನು ಎಳೆದು ಹಿಂದೆ ಜೋಡಿಸಿ ಸರ್‌ನೇಮ್ ಮಾಡಿತ್ತು. ಹುಡುಗಿ ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ನನಗೆ ಉರಿದುಹೋಯಿತು. ದನಿ ಏರಿಸಿದೆ.

ಒಳಗಿಂದ ಮೊರಾಗ್ ಬಂದರು. ನಾವು ಮಾತಾಡಿದ್ದು ಸ್ವೀಡಿಷ್‌ನಲ್ಲಿ, ನನ್ನದು ಆಗಿನ್ನೂ ಹರಕುಮುರುಕು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದರಲ್ಲಿ ತೊಡಕೇನಿದೆ?" ಎಂದರು ಅವರು ಆ ಹುಡುಗಿಗೆ. "ಇವಳು ದೀಪ್ತಿ. ಶ್ರೀನಾಥನ ಮಗಳು. ನರಸಿಂಹಯ್ಯನ ಮೊಮ್ಮಗಳು. ನಮ್ಮ ದ್ವೀಪದಲ್ಲೂ ಹೀಗೇ. ಅಲ್ಲಿ ದಾರೀಲಿ ಸಿಕ್ಕಿದ ಮಗೂನ ಹೆಸರೇನು ಅಂತ ಯಾರೂ ಕೇಳಲ್ಲ. ನೀನು ಯಾರವಳು ಅಂತ ಕೇಳ್ತಾರೆ. ನಾನು ಮೊರಾಗ್, ಇಯನ್ ಮಗಳು, ಡೋನಲ್ಡ್ ಮೊಮ್ಮಗಳು. ಇಷ್ಟು ಹೇಳಿದ್ರೆ ಯಾವ ಮನೇಲಾದ್ರೂ ಚಹಾ ಸಿಗತ್ತೆ."

ನನ್ನ ಕೋಪ ಜರ್ರನೆ ಇಳಿಯಿತು. ನನ್ನ ಅಜ್ಜಿ ದೊಡ್ಡತಾಯಮ್ಮ ಬಾಗಿಲಿಗೆ ಬಂದ ಯಾವ ಹುಡುಗನನ್ನೂ 'ಯಾರ ಮಗನೋ ನೀನು' ಎಂದು ಕೇಳದೆ ಒಳಗೆ ಬಿಟ್ಟವಳಲ್ಲ. ಆ ಪ್ರಶ್ನೆಯನ್ನು ನಾನು ವಿಮಾನ ಹತ್ತುವಾಗಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಮರುದಿನದಿಂದ ಮೊರಾಗ್ ಅದನ್ನು ಡಾಗಿಸ್‌ನ ಬೆಳಗಿನ ಪಾಠವನ್ನಾಗಿ ಮಾಡಿದರು. ಮಕ್ಕಳು ಚಾಪೆಯ ಮೇಲೆ ಸುತ್ತಲೂ ಕೂತು, ಒಬ್ಬೊಬ್ಬರಾಗಿ ತಾವು ಯಾರ ಮಗು, ಯಾರ ಮೊಮ್ಮಗು ಎಂದು ಹೇಳಬೇಕು. ಸ್ವೀಡನ್ನಿನ ಎಷ್ಟೋ ಮಕ್ಕಳು ಅಜ್ಜನ ಹೆಸರು ಕೇಳಿಕೊಂಡು ಬರಲು ಮನೆಗೆ ಓಡಿದವು. ನಮ್ಮ ದೀಪ್ತಿ 'ನರಸಿಂಹಯ್ಯ' ಎಂದಾಗ ಚಾಪೆಯ ಮೇಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರಂತೆ.

ಗೆಳೆತನವಾದ ಮೇಲೆ ಒಂದು ಮಧ್ಯಾಹ್ನದ ಫೀಕಾದಲ್ಲಿ, ಕಾಫಿಗೆ ದಾಲ್ಚಿನ್ನಿಯ ಬನ್ನು ನೆಂಚಿಕೊಂಡು, ಹೆಸರಿನ ಅರ್ಥಗಳ ಮಾತು ಬಂತು. ಪದ್ಮಿನಿ ಎಂದರೆ ತಾವರೆಯವಳು, ದೀಪ್ತಿ ಎಂದರೆ ಬೆಳಕು ಎಂದೆ. ಸ್ವಲ್ಪ ಬೀಗಿಯೇ ಹೇಳಿರಬೇಕು.

"ನಿಮ್ಮದೆಲ್ಲ ಹೂವು, ಬೆಳಕು!" ಎಂದು ಮೊರಾಗ್ ನಕ್ಕರು. "ನನ್ನದು ಕೇಳು. ನಮ್ಮ ಗೇಲಿಕ್ ಭಾಷೇಲಿ ಮೋರ್ ಅಂದ್ರೆ ದೊಡ್ಡದು. ಹಳೇ ಕಾಲದಲ್ಲಿ ಮನೆಗೊಬ್ಬಳು ಮೋರ್ ಇರ್ತಿದ್ದಳು. ಅದನ್ನ ಮುದ್ದು ಮಾಡಿ ಕರೆದ್ರೆ ಮೊರಾಗ್. ಅಂದ್ರೆ ಪುಟ್ಟ ದೊಡ್ಡವಳು. ಇನ್ನು ಕ್ಯಾಂಬೆಲ್. ಕ್ಯಾಮ್ ಅಂದ್ರೆ ಸೊಟ್ಟ. ಬೆಲ್ ಅನ್ನೋದು ಬಾಯಿ."

"ಸೊಟ್ಟಬಾಯಿ?"

"ಸೊಟ್ಟಬಾಯಿ! ನೂರಾರು ವರ್ಷದ ಹಿಂದೆ ನಮ್ಮ ಮೂಲಪುರುಷ ಒಬ್ಬನಿಗೆ ಬಾಯಿ ಒಂದು ಕಡೆ ಎಳ್ಕೊಂಡಿತ್ತು. ಊರವರು ಇಟ್ಟ ಅಡ್ಡಹೆಸರು ಮಕ್ಕಳಿಗೆ ಅಂಟಿತು, ಮೊಮ್ಮಕ್ಕಳಿಗೆ ಅಂಟಿತು. ಆಮೇಲೆ ನಮ್ಮವರಿಗೆ ಐಶ್ವರ್ಯ ಬಂತು ನೋಡು, ನಾಚಿಕೆ ಶುರುವಾಯ್ತು. ಕ್ಯಾಂಬೆಲ್ ಅಂದ್ರೆ ಇಟಾಲಿಯನ್ನಿನ ಕಾಂಪೋ ಬೆಲ್ಲೋ, ಅಂದ್ರೆ ಸುಂದರವಾದ ಬಯಲು ಅಂತ ಯಾರೋ ಪಂಡಿತರು ಕಥೆ ಕಟ್ಟಿದರು. ಸುಳ್ಳು. ನಂಗೆ ಸೊಟ್ಟಬಾಯೇ ಇಷ್ಟ."

ಹೀಗೆ ಹೇಳಿ ಬಾಯನ್ನು ಒಂದು ಪಕ್ಕಕ್ಕೆ ಎಳೆದು ತೋರಿಸಿದರು. ನಾನು ಬಿದ್ದು ಬಿದ್ದು ನಕ್ಕೆ. ನಮ್ಮಲ್ಲೂ ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ ಎಂದೆಲ್ಲ ಇದ್ದಾರೆ, ನಮ್ಮ ಬಳಗದ ಕಾರ್ಯದರ್ಶಿಯ ಮನೆತನದ ಹೆಸರು ಮೆಣಸಿನಕಾಯಿ ಎಂದೆ. ಈಗ ಅವರು ಬಿದ್ದು ಬಿದ್ದು ನಕ್ಕರು.

ಅದು ಹಳೆಯ ಮಾತು. ದೀಪ್ತಿ ಬೆಳೆದು ಉತ್ತರದ ತುದಿಯ ಲುಲೆಯೊದ ಯೂನಿವರ್ಸಿಟಿಗೆ ಹೋದಳು. ಮೊರಾಗ್ ನಿವೃತ್ತರಾದರು. ನಿವೃತ್ತರಾದರೂ ಸುಮ್ಮನೆ ಕೂರುವ ಜೀವವಲ್ಲ. ಶನಿವಾರ ಬೆಳಗ್ಗೆ ಬಡಾವಣೆಯ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಹೇಳಲು ಶುರು ಮಾಡಿದರು. ಅಲ್ಲಿಯೂ ಅದೇ ಚಾಪೆ, ಅದೇ 'ನೀನು ಯಾರವಳು', ಅದೇ ತೋಳ. ವಾರವೆಲ್ಲ ಆಕೆ ಆ ಒಂದು ಬೆಳಗಿಗಾಗಿ ಬದುಕುತ್ತಿದ್ದರು ಎಂದರೆ ಹೆಚ್ಚಲ್ಲ.

ಹೋದ ವರ್ಷ ಚಳಿಗಾಲ ಕಾಲಿಡುವ ಹೊತ್ತಿಗೆ ಒಂದು ಬೆಳಗ್ಗೆ ಎದ್ದಾಗ ಅವರ ಎಡಗಡೆಯ ಮುಖ ಸತ್ತುಹೋಗಿತ್ತು. ಲಕ್ವ ಅಲ್ಲ, ಮುಖದ ನರ ಒಂದು ಸೋತಿದೆ, ಬಹಳ ಜನರಿಗೆ ತಾನಾಗಿಯೇ ಸರಿಹೋಗುತ್ತದೆ ಎಂದರು ಡಾಕ್ಟರು. ಕಣ್ಣು ಮುಚ್ಚುವಷ್ಟಕ್ಕೆ ಸರಿಹೋಯಿತು. ಬಾಯಿ ಮಾತ್ರ ಬಲಕ್ಕೆ ಎಳೆದುಕೊಂಡದ್ದು ಹಾಗೆಯೇ ಉಳಿಯಿತು.

ಅವರು ಅಷ್ಟಕ್ಕೆಲ್ಲ ಸೋಲುವವರಲ್ಲ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಲೈಬ್ರರಿಗೆ ಹೋದರು. ಮುಂದೆ ಕೂತಿದ್ದ ಪುಟ್ಟ ನಾಯಿಲಾ, ನಮ್ಮ ಮುಜೀಬ್ ಮತ್ತು ಮೈಮೂನಾ ಅವರ ಮಗಳು, ತೋಳ ಬರುವುದಕ್ಕೂ ಮುಂಚೆಯೇ ಆ ಮುಖ ನೋಡಿ ಕಿರುಚಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿತು. ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ಮೊರಾಗ್ ಪುಸ್ತಕ ಮುಚ್ಚಿ ಕೋಟು ಹಾಕಿಕೊಂಡು ಹೊರಟುಹೋದರು.

"ಮಗು ಏನ್ ಮಾಡತ್ತೆ ಅಕ್ಕಾ, ಅದಕ್ಕೇನ್ ಗೊತ್ತು," ಎಂದು ಮೈಮೂನಾ ನನ್ನೆದುರು ಕಣ್ಣು ಒರೆಸಿಕೊಂಡಳು. "ಆದ್ರೆ ಅವರ ಮುಖ ನೋಡೋಕ್ಕಾಗ್ಲಿಲ್ಲ ನಂಗೆ."

ಆಮೇಲೆ ಮೊರಾಗ್ ಮನೆ ಬಿಟ್ಟು ಹೊರಗೆ ಬರಲಿಲ್ಲ. ಅಂಗಡಿಗೆ ಲೆನಾರ್ಟ್ ಬರುತ್ತಿದ್ದ. ಜೀವಮಾನವಿಡೀ ಹೆಂಡತಿಯ ಬಾಯಿಂದ ಮಾತಾಡಿದ ಮನುಷ್ಯ, ತರಕಾರಿ ಕಪಾಟಿನ ಮುಂದೆ ನನ್ನನ್ನು ನಿಲ್ಲಿಸಿ, "ಅವಳು ಕನ್ನಡಿ ತೆಗೆದಿಟ್ಟಿದ್ದಾಳೆ" ಎಂದ. ಅಷ್ಟೇ ಹೇಳಿ ಆಲೂಗೆಡ್ಡೆ ಆರಿಸತೊಡಗಿದ. ನನಗೆ ಸಂಕಟವಾಯಿತು. ಈ ಮನುಷ್ಯ ಅಷ್ಟು ಹೇಳಿದ್ದಾನೆಂದರೆ ಮನೆಯಲ್ಲಿ ಪರಿಸ್ಥಿತಿ ಹೇಗಿರಬಹುದು?

ಹೀಗಿರುವಾಗ ಸಿದ್ದಲಿಂಗರ ಫೋನು ಬಂತು. "ಪದ್ಮಿನಿ ಮೇಡಂ, ಈ ಸಲ ಮೊರಾಗಮ್ಮನವರಿಗೆ ಸನ್ಮಾನ. ನಮ್ ಮಕ್ಕಳನ್ನ ಬೆಳೆಸಿದ ತಾಯಿ. ಬಿನ್ನವತ್ತಳೆ ನೀವೇ ಬರೀಬೇಕು." ಸ್ವೀಡನ್ನಿನಲ್ಲಿ ಕಂಪನಿಯ ದೊಡ್ಡ ಬಾಸನ್ನೂ ಹೆಸರು ಹಿಡಿದೇ ಕರೆಯುವುದು. ಸಿದ್ದಲಿಂಗರಿಗೆ ಮಾತ್ರ ಹಿರಿಯ ಹೆಂಗಸಿನ ಹೆಸರನ್ನು ಬೋಳಾಗಿ ಹೇಳಲು ನಾಲಗೆ ಏಳುವುದಿಲ್ಲ.

ನಾನು ಮೊರಾಗ್ ಮನೆಗೆ ಹೋದೆ. ಆಕೆ ಕಿಟಕಿಗೆ ಬೆನ್ನು ಹಾಕಿ, ಉಣ್ಣೆಯ ಸ್ಕಾರ್ಫಿನಲ್ಲಿ ಮೂಗಿನವರೆಗೂ ಮುಖ ಮುಚ್ಚಿಕೊಂಡು ಕೂತಿದ್ದರು. ಮನೆಯ ಒಳಗೆ, ಹೀಟರ್ ಉರಿಯುತ್ತಿರುವಾಗ! ಸನ್ಮಾನ ಎಂದ ಕೂಡಲೇ ತಲೆ ಅಲ್ಲಾಡಿಸಿದರು. ವೇದಿಕೆ ಬೇಡ, ಫೋಟೋ ಬೇಡ. ನಾನು ದೀಪ್ತಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ದೀಪ್ತಿ ಸ್ವೀಡಿಷ್‌ನಲ್ಲಿ ಏನೇನೋ ಹೇಳಿದಳು. ಲುಲೆಯೊದಿಂದ ರೈಲು ಹಿಡಿದು ಬರುತ್ತೇನೆ, ನೀನು ಇಲ್ಲದಿದ್ದರೆ ನನಗೆ ಅಲ್ಲೇನು ಕೆಲಸ ಎಂದದ್ದು ನನಗೆ ಕೇಳಿಸಿತು. ಕೊನೆಗೆ ಮೊರಾಗ್ ಒಪ್ಪಿದರು: ಹಿಂದಿನ ಸಾಲಿನಲ್ಲಿ ಸ್ಕಾರ್ಫ್ ಹೊದ್ದು ಕೂರುತ್ತೇನೆ, ಯಾರೂ ನನ್ನನ್ನು ಮಾತಾಡಿಸಬಾರದು. ನಾನು ಮಾತು ಕೊಟ್ಟೆ.

ಬಿನ್ನವತ್ತಳೆಯನ್ನು ಬರೆದೆ. ಹೆಸರಿನ ಅರ್ಥದ ತಂಟೆಗೇ ಹೋಗಲಿಲ್ಲ. ಸಿದ್ದಲಿಂಗರಿಗೆ ಓದಲು ಕೊಟ್ಟಾಗ ಅವರ ಹುಬ್ಬು ಮೇಲೇರಿತು. "ಅಲ್ರೀ ಮೇಡಂ, ಹೆಸರಿನ ಅರ್ಥಾನೇ ಇಲ್ವಲ್ರೀ!"

"ಈ ಸಲ ಬೇಡ ಸರ್. ದಯವಿಟ್ಟು. ಅವರಿಗೆ ಹುಷಾರಿಲ್ಲ, ಮಾತಾಡ್ಸೋದು ಬೇಡ," ಎಂದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಇವರ ಬಾಯಿಂದ ಅದು ಊರೆಲ್ಲ ಹರಡುತ್ತಿತ್ತು. ಅವರು ಆಯಿತು ಎಂದು ತಲೆಯಾಡಿಸಿದರು.

ಯುಗಾದಿಯ ದಿನ ಬಾಡಿಗೆಯ ಸಭಾಂಗಣದಲ್ಲಿ ಒಬ್ಬಟ್ಟಿನ ವಾಸನೆ, ಮಕ್ಕಳ ಗಲಾಟೆ. ಮೊರಾಗ್ ಹೇಳಿದ ಹಾಗೆಯೇ ಕೊನೆಯ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತರು, ಒಂದು ಕಡೆ ಲೆನಾರ್ಟ್, ಇನ್ನೊಂದು ಕಡೆ ದೀಪ್ತಿ. ಸ್ಕಾರ್ಫ್ ಮೂಗಿನವರೆಗೆ. ನಾನು ವೇದಿಕೆಯ ಪಕ್ಕದಲ್ಲಿ ಶಾಲು ಹಿಡಿದು ನಿಂತಿದ್ದೆ. ಸಿದ್ದಲಿಂಗರು ಬಿನ್ನವತ್ತಳೆಯನ್ನು ಅಕ್ಷರ ಬಿಡದೆ ಓದಿದರು. ಜನ ಚಪ್ಪಾಳೆ ತಟ್ಟಿದರು. ಸದ್ಯ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

ಆದರೆ ಆ ಚಪ್ಪಾಳೆ ಅವರ ತಲೆಗೇರಿತು. "ಮೊರಾಗಮ್ಮನವರು ವೇದಿಕೆಗೆ ಬರೋದಿಲ್ಲ ಅಂದಾರ. ಬ್ಯಾಡ, ವೇದಿಕೇನ ಅವರ ಹತ್ರ ಹೋಗ್ತದ!" ಹುರುಪು ಬಂದರೆ ಅವರ ಮಾತಿಗೆ ಗದಗ ಬಂದುಬಿಡುತ್ತದೆ. ಮೈಕು ಹಿಡಿದುಕೊಂಡು ಸಾಲುಗಳ ನಡುವೆ ನಡೆದೇಬಿಟ್ಟರು. ನಾನು ಶಾಲು ಸಮೇತ ಹಿಂದೆ ಓಡಿದೆ. ಅಷ್ಟರಲ್ಲಿ ಅವರು ಬಗ್ಗಿ ನಮಸ್ಕಾರ ಮಾಡಿ, ಸ್ವೀಡಿಷ್‌ನಲ್ಲಿ ಕೇಳಿಯೂ ಆಗಿತ್ತು: "ನಮ್ಮಲ್ಲಿ ದೊಡ್ಡವರನ್ನು ಹೊಗಳುವಾಗ ಹೆಸರಿನ ಅರ್ಥದಿಂದ ಶುರು ಮಾಡುತ್ತೇವೆ. ನಿಮ್ಮ ಹೆಸರಿನ ಅರ್ಥವೇನು ತಾಯಿ?"

ಇಡೀ ಸಭೆ ತಿರುಗಿ ಹಿಂದಿನ ಸಾಲನ್ನು ನೋಡಿತು. ಮೊರಾಗ್ ಕಣ್ಣು ನನ್ನ ಮೇಲೆ ನೆಟ್ಟಿತು. ಮಾತು ಕೊಟ್ಟವಳು ನಾನು. ಸಿದ್ದಲಿಂಗರ ಕೈಯಿಂದ ಮೈಕು ಕಿತ್ತುಕೊಂಡು ಬಾಯಿಗೆ ಬಂದದ್ದನ್ನು ಸ್ವೀಡಿಷ್‌ನಲ್ಲೇ ಹೇಳಿದೆ:

"ಸುಂದರವಾದ ಬಯಲು! ಕ್ಯಾಂಬೆಲ್ ಅಂದ್ರೆ ಸುಂದರವಾದ ಬಯಲು!"

"ವಾಹ್!" ಎಂದರು ಸಿದ್ದಲಿಂಗರು. "ಹೆಸರಿಗೆ ತಕ್ಕಂತೆ..."

"ಅಲ್ಲ, ಪದ್ಮಿನಿ," ಎಂದರು ಮೊರಾಗ್.

ಎದ್ದು ನಿಂತರು. ಲೆನಾರ್ಟ್ ಅವರ ತೋಳು ಹಿಡಿಯಲು ಹೋಗಿ ಸುಮ್ಮನಾದ. ಅವರು ನಿಧಾನವಾಗಿ ಸ್ಕಾರ್ಫನ್ನು ಬಿಚ್ಚಿ ದೀಪ್ತಿಯ ಮಡಿಲಲ್ಲಿಟ್ಟರು. ಬಲಕ್ಕೆ ಎಳೆದ ಬಾಯಿ, ಇಳಿಬಿದ್ದ ಎಡಗೆನ್ನೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತೆ. ಒಬ್ಬಟ್ಟು ಜೋಡಿಸುತ್ತಿದ್ದವರೂ ತಟ್ಟೆ ಹಿಡಿದು ಅಲ್ಲೇ ನಿಂತರು.

"ಈ ಸುಳ್ಳನ್ನ ಹೇಳಿಕೊಟ್ಟವಳು ನಾನೇ," ಎಂದರು ನನ್ನ ಕೈಯಿಂದ ಮೈಕು ತೆಗೆದುಕೊಂಡು. ಮಾತು ಸ್ವಲ್ಪ ತೊದಲುತ್ತಿತ್ತು. "ಕ್ಯಾಂಬೆಲ್ ಅಂದ್ರೆ ಸೊಟ್ಟಬಾಯಿ. ನಮ್ಮ ಮೂಲದವನೊಬ್ಬನಿಗೆ ಊರವರು ಇಟ್ಟ ಹೆಸರು. ಈ ಚಳಿಗಾಲವೆಲ್ಲ ಮನೆಯಲ್ಲಿ ಕೂತು ನಾನು ಅವನ ಬಗ್ಗೇನೇ ಯೋಚನೆ ಮಾಡಿದೆ. ಅವನು ಬಾಗಿಲು ಹಾಕ್ಕೊಂಡು ಕೂತಿದ್ರೆ ಅವನಿಗೆ ಆ ಹೆಸರು ಬರ್ತಿರಲಿಲ್ಲ. ಗುರುತಿಲ್ಲದವನ ಬಾಯಿ ಸೊಟ್ಟ ಇದ್ರೆ ಜನ ನೋಡಿ ಮುಂದೆ ಹೋಗ್ತಾರೆ. ಅಡ್ಡಹೆಸರು ಇಡೋದು ತಮ್ಮವನಿಗೆ. ಅವನು ದಿನಾ ಅವರ ಮಧ್ಯೆ ಓಡಾಡಿರಬೇಕು, ಊಟ ಮಾಡಿರಬೇಕು, ನಕ್ಕಿರಬೇಕು, ಈ ಬಾಯಲ್ಲೇ." ತಮ್ಮ ಬಾಯನ್ನು ಬೆರಳಿಂದ ತೋರಿಸಿದರು. "ಅವನಿಂದ ಈಚೆಗೆ ನಾವೆಲ್ಲ ನೆಟ್ಟಗಿರೋ ಬಾಯಿ ಇಟ್ಕೊಂಡು ಸುಮ್ಮನೆ ಆ ಹೆಸರನ್ನ ಹೊತ್ಕೊಂಡು ತಿರುಗಿದ್ವಿ. ಸಿದ್ದಲಿಂಗ, ನಿಮ್ಮ ಮಾತು ಮುಗಿಸಿ. ಹೆಸರಿಗೆ ತಕ್ಕವಳು ಅಂತ ಇದ್ರೆ ನಾನೊಬ್ಬಳೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆ ತಟ್ಟುವ ಮಾತೂ ಅದಾಗಿರಲಿಲ್ಲ. ಸಿದ್ದಲಿಂಗರ ಮುಖ ಕೆಂಪಗಾಗಿ, ಆಮೇಲೆ ಬಿಳುಪಾಗಿ, ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಅವರು ತಮ್ಮ ಗದಗಿನ ಸ್ವೀಡಿಷ್‌ನಲ್ಲಿ ಹೇಳಿದ್ದು ಇಷ್ಟೇ:

"ತಾಯಿ, ನಮ್ಮದು ಮೆಣಸಿನಕಾಯಿ. ನಮ್ಮ ಮುತ್ತಜ್ಜ ಭಾಳ ಸಿಟ್ಟಿನ ಮನಶ್ಯಾ ಇದ್ನಂತ."

ಮೊದಲು ನಕ್ಕದ್ದು ಮೊರಾಗ್. ಆ ನಗು ಮುಖದ ಅರ್ಧದಲ್ಲಷ್ಟೇ ಅರಳಿತು, ಆದರೆ ಸದ್ದು ಪೂರ್ತಿ ಹಳೆಯದು. ದೀಪ್ತಿ ನಗುತ್ತ ಅಳುತ್ತ ಅವರ ಕುತ್ತಿಗೆಗೆ ಜೋತುಬಿದ್ದಳು. ನಾನು ಹೇಗೋ ಶಾಲು ಹೊದಿಸಿದೆ. ಮಾತು ತಪ್ಪಿತಲ್ಲ, ಕ್ಷಮಿಸಿ ಎಂದೆ. ಆಕೆ ನನ್ನ ಕಿವಿಯಲ್ಲಿ, "ಸುಂದರವಾದ ಬಯಲಂತೆ! ಟೈರೀಯಲ್ಲಿ ಇರೋದು ಬರೀ ಕೆಸರು" ಎಂದರು. ಫೋಟೋ ತೆಗೆಯುವವನಿಗೆ ಬಲಗಡೆಯಿಂದ ತೆಗಿ ಎಂದೇನೂ ಹೇಳಲಿಲ್ಲ. ನೇರವಾಗಿ ನಿಂತರು.

ಮುಂದಿನ ಶನಿವಾರ ನಾನು ಲೈಬ್ರರಿಗೆ ಹೋದೆ. ಪುಸ್ತಕ ತರಲು ಎಂದು ಶ್ರೀನಾಥನಿಗೆ ಹೇಳಿದ್ದೆ, ಅವನು ನಂಬಲಿಲ್ಲ. ಚಾಪೆ ಹಾಸಿತ್ತು. ಮೊರಾಗ್ ಸ್ಕಾರ್ಫಿಲ್ಲದೆ ಕೂತಿದ್ದರು. ಮಕ್ಕಳು ಸ್ವಲ್ಪ ದೂರ ದೂರವೇ ಇದ್ದವು. ಮೈಮೂನಾ ಬಾಗಿಲ ಬಳಿ ಮಗಳ ಕೈ ಹಿಡಿದು ನಿಂತಿದ್ದಳು, ಒಳಗೆ ಬರಲೋ ಬೇಡವೋ ಎಂಬಂತೆ. ನಾಯಿಲಾ ಅಮ್ಮನ ಕೈ ಬಿಡಿಸಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಹೋಯಿತು. ಮೊರಾಗ್ ಅಲ್ಲಾಡಲಿಲ್ಲ. ಮಗು ಮುಖವನ್ನೇ ನೋಡಿ ನೋಡಿ, ಸ್ವೀಡಿಷ್‌ನಲ್ಲಿ ಕೇಳಿತು:

"ನಿನ್ನ ಬಾಯಿ ಯಾಕೆ ಸೊಟ್ಟ ಇದೆ?"

ಮೈಮೂನಾ ತುಟಿ ಕಚ್ಚಿಕೊಂಡಳು.

"ಇದು ನಮ್ಮ ಮನೆತನದ ಬಾಯಿ," ಎಂದರು ಮೊರಾಗ್. "ನಾನು ಮೊರಾಗ್, ಇಯನ್ ಮಗಳು, ಡೋನಲ್ಡ್ ಮೊಮ್ಮಗಳು, ಸೊಟ್ಟಬಾಯಿಯವರ ಮನೆಯವಳು. ನೀನು ಯಾರವಳು?"

ಮಗು ಯೋಚಿಸಿತು. ಆಮೇಲೆ ಚಾಪೆಯ ಮೇಲೆ, ಅವರ ಮೊಣಕಾಲಿಗೆ ತಾಗಿಕೊಂಡು ಕೂತಿತು.

"ನಾಯಿಲಾ," ಎಂದಿತು. "ಮುಜೀಬ್ ಮಗಳು. ಖಾಸಿಂ ಅಜ್ಜನ ಮೊಮ್ಮಗಳು. ಈಗ ತೋಳ ಮಾಡು."